ರೈತನ ಬಾಯಲ್ಲಿ ಕಂಪನಿಯ ಮಾತು

(ದೋಣಿಗಲ್‌ನಲ್ಲಿ ಸೇರಿದ್ದ ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ಹೊಳೆ, ಆನೆ, ಅಣೆಕಟ್ಟು ಇವುಗಳ ಬಗ್ಗೆ ಮಾತನಾಡಲು ನಾವು ಸೇರುವುದು ವಾಡಿಕೆ. ಇಂದು ನಾನು ತಂಬಾಕು ಉದ್ಯಮದ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರಲ್ಲಿ ಒಬ್ಬರು, "ನಮ್ಮೂರಿನಲ್ಲಿ ಹೊಗೆಸೊಪ್ಪು ಯಾರು ಬೆಳೆಯುತ್ತಾರೆ ಸಾರ್?" ಎಂದು ಕೇಳಿದರು. ನಿಜ. ಇದು ಕಾಫಿ, ಏಲಕ್ಕಿ, ಮೆಣಸು, ಭತ್ತದ ಸೀಮೆ. ಇಷ್ಟು ಮಳೆ ಬೀಳುವ ನೆಲ ಹೊಗೆಸೊಪ್ಪಿಗೆ ಒಗ್ಗುವುದಿಲ್ಲ. ಆದರೆ ನಮ್ಮದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ದಡದ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಗಳ ಜೊತೆಗೆ ಅದೂ ಸಿಗರೇಟಿಗೆ ಬಳಕೆಯಾಗುವ ವರ್ಜೀನಿಯಾ ತಂಬಾಕಿನ ದೊಡ್ಡ ಸೀಮೆಗೆ ಸೇರಿದ್ದು. ಇನ್ನು ಬೆಳೆಯದಿದ್ದರೂ ಬಳಕೆಯಂತೂ ಇಲ್ಲಿಯೂ ಇದೆ. ಹೆದ್ದಾರಿ ಬದಿಯ ಗೂಡಂಗಡಿಗಳಲ್ಲಿ ತೋರಣದಂತೆ ತೂಗುವ ಪೊಟ್ಟಣಗಳನ್ನು ನೀವು ದಿನವೂ ನೋಡುತ್ತೀರಿ.

ತಂಬಾಕು ಕೆಟ್ಟದ್ದು ಎಂದು ಉಪದೇಶ ಮಾಡಲು ನಾನು ಬಂದಿಲ್ಲ. ಅದು ಈ ಸಭೆಯಲ್ಲಿರುವ ಚಿಕ್ಕ ಮಕ್ಕಳಿಗೂ ಗೊತ್ತು. ನಮ್ಮ ದೇಶದಲ್ಲಿ ವರ್ಷಕ್ಕೆ 13 ಲಕ್ಷಕ್ಕೂ ಹೆಚ್ಚು ಜನ ತಂಬಾಕಿನಿಂದ ಸಾಯುತ್ತಾರೆ ಎಂಬ ಅಂದಾಜಿದೆ. 2016-17ರ ವಯಸ್ಕರ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ನನ್ನ ಪ್ರಶ್ನೆ ಬೇರೆ. ತಂಬಾಕು ಕೊಲ್ಲುತ್ತದೆ ಎಂಬುದು 1950ರ ಹೊತ್ತಿಗೇ ವಿಜ್ಞಾನಕ್ಕೆ ತಿಳಿದಿತ್ತು. ಹಾಗಿದ್ದರೂ ಕಾನೂನುಗಳು ಐವತ್ತು ವರ್ಷ ತಡವಾಗಿ, ಕುಂಟುತ್ತಾ ಬಂದದ್ದೇಕೆ? ತಡೆದವರು ಯಾರು? ಯಾವ ಉಪಾಯದಿಂದ ತಡೆದರು? ಈ ಉಪಾಯವನ್ನು ಬಲ್ಲವರಿಗೆ ಗಣಿ, ಅಣೆಕಟ್ಟು, ರೆಸಾರ್ಟು, ಹೆದ್ದಾರಿಗಳ ಪರವಾಗಿ ನಮ್ಮ ಬೆಟ್ಟಗಳಿಗೆ ಬರುವ ಮಾತುಗಳ ಒಳಮರ್ಮವೂ ಅರ್ಥವಾಗುತ್ತದೆ. ತಂಬಾಕಿನ ಕಥೆಯನ್ನು ನಿಮ್ಮ ಮುಂದೆ ಇಡುವುದು ಅದಕ್ಕಾಗಿ.

ಸಂದೇಹದ ವ್ಯಾಪಾರ

1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಇಬ್ಬರು ಸಂಶೋಧಕರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಪ್ರಕಟಿಸಿದರು. ಅಮೆರಿಕದಿಂದಲೂ ಅದೇ ವರ್ಷ ಅಂತಹುದೇ ವರದಿ ಬಂದಿತು. 1953ರಲ್ಲಿ, ಸಿಗರೇಟಿನ ಹೊಗೆಯ ಡಾಂಬರನ್ನು ಇಲಿಗಳ ಚರ್ಮಕ್ಕೆ ಹಚ್ಚಿದಾಗ ಗೆಡ್ಡೆಗಳು ಮೂಡಿದ ಪ್ರಯೋಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಸಿಗರೇಟು ಕಂಪನಿಗಳ ಷೇರುಗಳ ಬೆಲೆ ಕುಸಿಯಿತು.

ಆ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಅಮೆರಿಕದ ದೊಡ್ಡ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿದರು. ಪರಸ್ಪರ ಪೈಪೋಟಿಯಲ್ಲಿದ್ದ ಅವರು ಅಂದು ಒಂದಾಗಿ ಕರೆಸಿಕೊಂಡದ್ದು ವೈದ್ಯರನ್ನಲ್ಲ, ಹಿಲ್ ಅಂಡ್ ನೋಲ್ಟನ್ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆಯನ್ನು. ಅದರ ಮುಖ್ಯಸ್ಥ ಜಾನ್ ಹಿಲ್ ಜಾಣ. ವಿಜ್ಞಾನವನ್ನು ನೇರವಾಗಿ ಅಲ್ಲಗಳೆದರೆ ಜನ ನಂಬುವುದಿಲ್ಲ ಎಂಬುದು ಆತನಿಗೆ ಗೊತ್ತಿತ್ತು. ಆದ್ದರಿಂದ ವಿಜ್ಞಾನದ ಹೆಸರಿನಲ್ಲಿಯೇ ಸಂದೇಹವನ್ನು ಬಿತ್ತುವುದು, 'ಎರಡೂ ಕಡೆ ವಾದಗಳಿವೆ, ಇನ್ನೂ ಸಂಶೋಧನೆ ಆಗಬೇಕು' ಎನ್ನುತ್ತಾ ಕಾಲ ತಳ್ಳುವುದು ಆತ ತೋರಿದ ಹಾದಿ. 1954ರ ಜನವರಿ 4ರಂದು ಅಮೆರಿಕದ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪುಟ ತುಂಬಾ ಜಾಹೀರಾತು ಬಂದಿತು. ಗ್ರಾಹಕರ ಆರೋಗ್ಯವೇ ತಮ್ಮ ಮೊದಲ ಹೊಣೆ ಎಂದೂ, ಸತ್ಯಶೋಧನೆಗೆ ಒಂದು ಸಂಶೋಧನಾ ಸಮಿತಿಯನ್ನು ಸ್ಥಾಪಿಸುತ್ತೇವೆಂದೂ ಕಂಪನಿಗಳು ಅದರಲ್ಲಿ ಸಾರಿದವು. ಆ ಸಮಿತಿಯ ಮೊದಲ ಕಚೇರಿಯ ಕೆಲಸಗಳನ್ನು ನೋಡಿಕೊಂಡದ್ದು ಅದೇ ಸಾರ್ವಜನಿಕ ಸಂಪರ್ಕ ಸಂಸ್ಥೆ.

ಮುಂದಿನ ನಲವತ್ತು ವರ್ಷ ಇದೇ ಆಟ ನಡೆಯಿತು. 1994ರ ಏಪ್ರಿಲ್‌ನಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುತ್ತದೆಂದು ತಾವು ನಂಬುವುದಿಲ್ಲ ಎಂದರು. ಆದರೆ 1998ರಲ್ಲಿ ಅಮೆರಿಕದ ರಾಜ್ಯಗಳೊಂದಿಗೆ ಆದ ಒಪ್ಪಂದಗಳ ಫಲವಾಗಿ ಕಂಪನಿಗಳ ಒಳಗಿನ ಕಡತಗಳು ಬಯಲಾದವು. ಇಂದು ಲಕ್ಷಾಂತರ ದಾಖಲೆಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. 1969ರ ಒಂದು ಟಿಪ್ಪಣಿಯಲ್ಲಿ, ಸಂದೇಹವೇ ನಮ್ಮ ಸರಕು ಎಂದು ಒಂದು ಕಂಪನಿ ತಾನೇ ಬರೆದುಕೊಂಡಿತ್ತು. 2006ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ 1,600ಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ, ಕಂಪನಿಗಳು ಒಟ್ಟಾಗಿ ಸೇರಿ ದಶಕಗಳ ಕಾಲ ಜನರನ್ನು ವಂಚಿಸಿವೆ ಎಂದು ಹೇಳಿದರು. ತಪ್ಪನ್ನು ಸರಿಪಡಿಸುವ ಹೇಳಿಕೆಗಳನ್ನು ಪ್ರಕಟಿಸಲು ಆದೇಶಿಸಿದರು. ಮೇಲ್ಮನವಿಗಳ ಮೇಲೆ ಮೇಲ್ಮನವಿ ನಡೆದು, ಆ ಹೇಳಿಕೆಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿದ್ದು 2017ರ ನವೆಂಬರಿನಲ್ಲಿ. ಮೊದಲ ಸುಳ್ಳಿಗೂ ಅದರ ತಿದ್ದುಪಡಿಗೂ ನಡುವೆ ಅರವತ್ತಮೂರು ವರ್ಷ. ಆ ನಡುವೆ ಸತ್ತವರು ತಿದ್ದುಪಡಿಯನ್ನು ಓದಲು ಬರುವುದಿಲ್ಲ.

ಎರವಲು ದನಿ

ಸಂದೇಹ ಹುಟ್ಟಿಸುವುದು ಮೊದಲ ಉಪಾಯವಾದರೆ, ಬೇರೆಯವರ ದನಿಯಲ್ಲಿ ಮಾತನಾಡುವುದು ಎರಡನೆಯದು. ಸಿಗರೇಟು ಕಂಪನಿಯ ಮಾಲೀಕ ಎದ್ದು ನಿಂತು 'ನನ್ನ ಲಾಭಕ್ಕೆ ಧಕ್ಕೆ ಮಾಡಬೇಡಿ' ಎಂದರೆ ಯಾರ ಮನಸ್ಸೂ ಕರಗದು. ಅದೇ ಮಾತನ್ನು ರೈತನೋ, ಅಂಗಡಿಯವನೋ, ಬೀಡಿ ಕಟ್ಟುವ ಹೆಣ್ಣುಮಗಳೋ ಹೇಳಿದರೆ ಮಂತ್ರಿಯೂ ಕಿವಿಗೊಡುತ್ತಾನೆ, ಪತ್ರಿಕೆಯೂ ಬರೆಯುತ್ತದೆ.

1993ರಲ್ಲಿ ಅಮೆರಿಕದಲ್ಲಿ ಧೂಮಪಾನಿಗಳ ಹಕ್ಕಿಗಾಗಿ ಒಂದು ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಹೊರನೋಟಕ್ಕೆ ಅದು ಜನರ ಸಂಘಟನೆ. ಕಟ್ಟಿದ್ದು ಫಿಲಿಪ್ ಮಾರಿಸ್ ಕಂಪನಿಯ ಹಣದಿಂದ, ಬರ್ಸನ್-ಮಾರ್ಸ್‌ಟೆಲರ್ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆ. ಈ ಸಂಸ್ಥೆಯ ಕೆಲಸದ ನೆರಳು ನಮ್ಮ ದೇಶದ ಮೇಲೂ ಬಿದ್ದಿದೆ. 1984ರ ಭೋಪಾಲ್ ದುರಂತದ ನಂತರ ಯೂನಿಯನ್ ಕಾರ್ಬೈಡ್ ತನ್ನ ಹೆಸರನ್ನು ಕಾಪಾಡಿಕೊಳ್ಳಲು ಗೊತ್ತು ಮಾಡಿಕೊಂಡದ್ದೂ ಇದನ್ನೇ.

ಅದೇ 1984ರಲ್ಲಿ ತಂಬಾಕು ಬೆಳೆಗಾರರ ಅಂತರರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಯಿತು. ಬಡ ರಾಷ್ಟ್ರಗಳ ರೈತರ ಪರವಾಗಿ ಮಾತನಾಡುವುದು ಅದರ ಉದ್ದೇಶ ಎಂದು ಹೇಳಲಾಗಿತ್ತು. ಕಡತಗಳು ತೆರೆದಾಗ, ಅದಕ್ಕೆ ಹಣ ಒದಗಿಸಿ, ವಿಶ್ವ ಆರೋಗ್ಯ ಸಂಸ್ಥೆಯ ಎದುರು ಯಾವ ವಾದ ಹೂಡಬೇಕೆಂದು ಮಾರ್ಗದರ್ಶನ ಮಾಡಿದವರು ಸಿಗರೇಟು ಕಂಪನಿಗಳೇ ಎಂಬುದು ಹೊರಬಿತ್ತು. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ ತಜ್ಞರ ಸಮಿತಿ ಈ ಒಳಸಂಚನ್ನು ವಿವರವಾಗಿ ದಾಖಲಿಸಿದೆ. ರೈತರ ಹೆಸರಿನ ಹಿಂದೆ ಕಂಪನಿ ನಿಂತಿತ್ತು.

ನಮ್ಮ ನಾಡಿನಲ್ಲಿ

ಭಾರತದಲ್ಲಿ ಈ ಕೆಲಸ ಬಹುಕಾಲ ನಯವಾಗಿ ನಡೆಯಿತು. 1996ರ ವಿಶ್ವಕಪ್ ಕ್ರಿಕೆಟಿಗೆ ಇದ್ದ ಹೆಸರು ಒಂದು ಸಿಗರೇಟಿನ ಹೆಸರು. ನಮ್ಮ ಆಟಗಾರರ ಎದೆಯ ಮೇಲೂ ಅದೇ ಹೆಸರು. ಇನ್ನೊಂದು ಸಿಗರೇಟಿನ ಹೆಸರಿನಲ್ಲಿ ಸಾಹಸಿಗಳಿಗೆ ಶೌರ್ಯ ಪ್ರಶಸ್ತಿ ನೀಡುವ ಪರಿಪಾಠ 1990ರಲ್ಲಿ ಆರಂಭವಾಯಿತು. ಮುಳುಗುವವರನ್ನು ಕಾಪಾಡಿದ ಹುಡುಗನಿಗೆ ಹಾರ ಹಾಕುವ ವೇದಿಕೆಯ ಮೇಲೆ ಸಿಗರೇಟಿನ ಹೆಸರು ಇದ್ದರೆ ಅದು ಪೊಟ್ಟಣದ ಹೆಸರಾಗಿ ಉಳಿಯುವುದಿಲ್ಲ, ಶೌರ್ಯದ ಹೆಸರಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. 2003ರ ತಂಬಾಕು ನಿಯಂತ್ರಣ ಕಾಯಿದೆ ಜಾಹೀರಾತನ್ನೂ ಪ್ರಾಯೋಜಕತ್ವವನ್ನೂ ನಿಷೇಧಿಸಿತು. ಆಗ ಪಾನ್ ಮಸಾಲೆಯ ಜಾಹೀರಾತುಗಳು ಹೆಚ್ಚಿದವು. ಒಂದೇ ಹೆಸರು, ಒಂದೇ ಬಣ್ಣ, ಒಳಗಿನ ಪುಡಿ ಮಾತ್ರ ಬೇರೆ.

ಪೊಟ್ಟಣದ ಮೇಲಿನ ಎಚ್ಚರಿಕೆಯ ಚಿತ್ರದ ಕಥೆಯನ್ನು ವಿದ್ಯಾರ್ಥಿಗಳು ಗಮನವಿಟ್ಟು ಕೇಳಬೇಕು. ಚಿತ್ರ ಮುದ್ರಿಸುವ ನಿಯಮ ಮೊದಲು ಹೊರಬಿದ್ದದ್ದು 2006ರಲ್ಲಿ. ಮುಂದೂಡಿ ಮುಂದೂಡಿ, ಚಿತ್ರಗಳ ಕಟುತನವನ್ನು ತಗ್ಗಿಸಿ, ಜಾರಿಗೆ ಬಂದದ್ದು 2009ರ ಮೇ 31ರಂದು. ಅದೂ ಮುಂಬದಿಯ ಶೇ. 40ರಷ್ಟು ಭಾಗದಲ್ಲಿ ಮಾತ್ರ. 2014ರ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಎರಡೂ ಬದಿಯಲ್ಲಿ ಶೇ. 85ರಷ್ಟು ಚಿತ್ರವಿರಬೇಕೆಂದು ಆದೇಶಿಸಿತು. 2015ರ ಏಪ್ರಿಲ್ 1ರಿಂದ ಜಾರಿಯಾಗಬೇಕಿತ್ತು. ಅದಕ್ಕೆ ಮೊದಲೇ ಲೋಕಸಭೆಯ ಸಮಿತಿಯೊಂದು ತಡೆ ಕೇಳಿತು. ಅದರ ಅಧ್ಯಕ್ಷರಾಗಿದ್ದ ದಿಲೀಪ್ ಗಾಂಧಿಯವರು, ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆಂದು ತೋರಿಸುವ ಭಾರತೀಯ ಅಧ್ಯಯನವಿಲ್ಲ ಎಂದರು. ಸಮಿತಿಯ ಇನ್ನೊಬ್ಬ ಸದಸ್ಯರಾದ ಶ್ಯಾಮಚರಣ ಗುಪ್ತರು ಸ್ವತಃ ಬೀಡಿ ಉದ್ಯಮಿ. 'ಭಾರತೀಯ ಅಧ್ಯಯನವಿಲ್ಲ' ಎಂಬ ಮಾತು 1954ರ ಹಳೆಯ ಪಾಠವೇ ಅಲ್ಲವೇ? 2004ರಲ್ಲಿಯೇ ಕೇಂದ್ರ ಆರೋಗ್ಯ ಸಚಿವಾಲಯ ಭಾರತದ ಪುರಾವೆಗಳನ್ನೆಲ್ಲ ಕ್ರೋಡೀಕರಿಸಿ ದೊಡ್ಡ ವರದಿ ಹೊರತಂದಿತ್ತು. 2008ರಲ್ಲಿ ಪ್ರಭಾತ್ ಝಾ ಮತ್ತು ಸಂಗಡಿಗರು, 2010ರ ದಶಕದಲ್ಲಿ ಧೂಮಪಾನವೊಂದರಿಂದಲೇ ಭಾರತದಲ್ಲಿ ವರ್ಷಕ್ಕೆ ಸುಮಾರು ಹತ್ತು ಲಕ್ಷ ಸಾವುಗಳಾಗಲಿವೆ ಎಂದು ನಮ್ಮ ದೇಶದ ಮನೆಗಳಿಂದಲೇ ಸಂಗ್ರಹಿಸಿದ ಮಾಹಿತಿಯಿಂದ ತೋರಿಸಿದ್ದರು.

ಒಂದು ವರ್ಷ ತಡವಾಗಿ, 2016ರ ಏಪ್ರಿಲ್ 1ರಂದು ನಿಯಮ ಜಾರಿಗೆ ಬಂದಿತು. ದೊಡ್ಡ ಸಿಗರೇಟು ಕಂಪನಿಗಳು ಪ್ರತಿಭಟಿಸಿ ಕಾರ್ಖಾನೆಗಳನ್ನು ಕೆಲಕಾಲ ನಿಲ್ಲಿಸಿದವು. ದೇಶದ ನಾನಾ ಕಡೆ ದಾಖಲಾಗಿದ್ದ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟು ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳುಹಿಸಿತು. 2017ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಯಮಗಳನ್ನು ರದ್ದುಪಡಿಸಿತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟು, ಪ್ರಜೆಗಳ ಆರೋಗ್ಯಕ್ಕೆ ಆದ್ಯತೆ ನೀಡಿ, ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಇಂದು ಗೂಡಂಗಡಿಯಲ್ಲಿ ನೀವು ನೋಡುವ ದೊಡ್ಡ ಚಿತ್ರದ ಹಿಂದೆ ಇಷ್ಟು ಹೋರಾಟವಿದೆ.

ಬೆಂಗಳೂರಿನ ಒಂದು ಮೊಕದ್ದಮೆ

ಲಾಬಿ ಎಂದರೆ ಕಂಪನಿಯ ಮನುಷ್ಯ ಮಂತ್ರಿಯ ಮನೆಗೆ ಹೋಗುವುದಷ್ಟೇ ಎಂದು ಭಾವಿಸಬಾರದು. ಸರ್ಕಾರದ ಒಂದು ಕೈ ಉದ್ಯಮದ ಕೈಯೊಳಗೆ ಇರುವುದೂ ಲಾಬಿಯೇ. ತಂಬಾಕು ಮಂಡಳಿ 1975ರ ಕಾಯಿದೆಯ ಮೂಲಕ ಸ್ಥಾಪಿತವಾದದ್ದು, ವಾಣಿಜ್ಯ ಸಚಿವಾಲಯದ ಅಧೀನದಲ್ಲಿದೆ. ಉದ್ಯಮವನ್ನು ಬೆಳೆಸುವುದು ಅದರ ಕೆಲಸ. ತಂಬಾಕನ್ನು ತಗ್ಗಿಸುವುದು ಆರೋಗ್ಯ ಸಚಿವಾಲಯದ ಕೆಲಸ. ಸರ್ಕಾರದ ಜೀವ ವಿಮಾ ನಿಗಮ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯಲ್ಲಿ ದೊಡ್ಡ ಷೇರುದಾರ. ಜೀವಕ್ಕೆ ವಿಮೆ ಮಾಡುವವರಿಗೆ ಜೀವ ತೆಗೆಯುವ ಸರಕಿನಲ್ಲೂ ಪಾಲು!

2010ರ ಅಕ್ಟೋಬರಿನಲ್ಲಿ ಜಾಗತಿಕ ತಂಬಾಕು ಉದ್ಯಮದ ಒಂದು ಸಮಾವೇಶ ಬೆಂಗಳೂರಿನಲ್ಲಿ ನಿಗದಿಯಾಯಿತು. ಪ್ರಾಯೋಜಕರ ಸಾಲಿನಲ್ಲಿ ನಮ್ಮ ತಂಬಾಕು ಮಂಡಳಿಯೂ ಇತ್ತು. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2004ರಲ್ಲಿಯೇ ಅಂಗೀಕರಿಸಿತ್ತು. ಆರೋಗ್ಯ ನೀತಿಯನ್ನು ಉದ್ಯಮದ ಹಿತಾಸಕ್ತಿಗಳಿಂದ ಕಾಪಾಡಬೇಕು ಎಂದು ಅದರ 5.3ನೇ ವಿಧಿ ಹೇಳುತ್ತದೆ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆ ಇದನ್ನೇ ಆಧಾರವಾಗಿಟ್ಟುಕೊಂಡು ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೂಡಿತು. ತಂಬಾಕು ಮಂಡಳಿ ಸಮಾವೇಶದಿಂದ ಹಿಂದೆ ಸರಿಯಿತು. ಸರ್ಕಾರಿ ಅಧಿಕಾರಿಗಳು ಉದ್ಯಮದೊಂದಿಗೆ ಹೇಗೆ ನಡೆದುಕೊಳ್ಳಬೇಕೆಂಬ ನೀತಿಸಂಹಿತೆಯನ್ನು ಕೇಂದ್ರ ಆರೋಗ್ಯ ಸಚಿವಾಲಯ 2020ರಲ್ಲಿ ಹೊರಡಿಸಿತು. ಕೆಲವೇ ಜನ ಕೇಳಿದ ಒಂದು ನೇರ ಪ್ರಶ್ನೆಯಿಂದ ಇದು ಆರಂಭವಾಯಿತು: ಈ ವೇದಿಕೆಯ ಖರ್ಚು ಯಾರದು?

ರಾಮನಾಥಪುರದ ರೈತ

ಇನ್ನು ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯುತ್ತದೆಯೋ ಆ ರೈತನ ವಿಷಯ. ಕೆಲವು ವರ್ಷಗಳ ಹಿಂದೆ ರಾಮನಾಥಪುರದ ಹರಾಜು ಕಟ್ಟೆಯ ಹೊರಗೆ ಒಬ್ಬ ಹಿರಿಯ ಬೆಳೆಗಾರರೊಡನೆ ಚಹಾ ಕುಡಿಯುತ್ತಾ ಕುಳಿತಿದ್ದೆ. ಎಚ್ಚರಿಕೆಯ ಚಿತ್ರ ದೊಡ್ಡದಾದರೆ ನಿಮಗೆ ನಷ್ಟವಂತಲ್ಲ ಎಂದು ಕೇಳಿದೆ. ಅವರು ನಕ್ಕರು. "ನಮ್ ಹೆಸ್ರು ಹೇಳ್ಕಂಡು ದಿಲ್ಲೀಲಿ ಮಾತಾಡ್ತಾರೆ ಸ್ವಾಮಿ. ಇಲ್ಲಿ ಬೇಲಿಗೆ ದರ ಕಟ್ಟೋವಾಗ ನಮ್ ಕಡೆ ತಿರುಗೂ ನೋಡಲ್ಲ" ಎಂದರು.

ಇಷ್ಟು ಮಾತಿನಲ್ಲಿ ಎಲ್ಲವೂ ಇದೆ. ದರ ಕಟ್ಟುವವರು ಬೆರಳೆಣಿಕೆಯ ಖರೀದಿ ಕಂಪನಿಗಳು. ನಮ್ಮ ವರ್ಜೀನಿಯಾ ತಂಬಾಕಿನ ದೊಡ್ಡ ಪಾಲು ವಿದೇಶಗಳಿಗೆ ಹೋಗುತ್ತದೆ. ಅದರ ದರಕ್ಕೂ ಇಲ್ಲಿನ ಪೊಟ್ಟಣದ ಮೇಲಿನ ಚಿತ್ರಕ್ಕೂ ನಂಟು ಕಡಿಮೆ. ಬೆಳೆ ಹೆಚ್ಚಾದ ವರ್ಷ ದರ ಬೀಳುತ್ತದೆ, ಸಾಲ ಉಳಿಯುತ್ತದೆ. ಒದ್ದೆಯಾದ ಹಸಿ ಎಲೆಯನ್ನು ಮುರಿಯುವ ಕೂಲಿ ಹೆಂಗಸರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ವಾಂತಿ, ತಲೆಸುತ್ತು ಬರುತ್ತದೆ. ಅದಕ್ಕೆ ಯಾವ ಪರಿಹಾರವೂ ಇಲ್ಲ. ಸೊಪ್ಪನ್ನು ಬ್ಯಾರನ್ನಿನಲ್ಲಿ ಬೇಯಿಸಲು ಒಂದು ಕಿಲೋ ಒಣ ಎಲೆಗೆ ಹಲವು ಕಿಲೋ ಸೌದೆ ಬೇಕು. ದಶಕಗಳಿಂದ ಸುತ್ತಲಿನ ಮರಗಳು ಆ ಒಲೆಗೆ ಬಿದ್ದಿವೆ. ಹೀಗೆ ಮರ ಸುಟ್ಟ ಉದ್ಯಮವೇ ಸಸಿ ನೆಡುವ ಚಿತ್ರಗಳನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕುತ್ತದೆ. ಸಸಿ ನೆಡುವುದು ಒಳ್ಳೆಯದೇ. ಆದರೆ ಸಸಿಯ ಚಿತ್ರದ ಹಿಂದೆ ಒಲೆಯ ಲೆಕ್ಕವನ್ನು ಅಡಗಿಸಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2017-18ರಲ್ಲಿ ತಂಬಾಕು ಈ ದೇಶಕ್ಕೆ ತಂದ ಆರ್ಥಿಕ ಹೊರೆ 1.77 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕಾಯಿಲೆಯ ಖರ್ಚು ಮನೆಗಳದು, ಲಾಭ ಕಂಪನಿಗಳದು.

ರೈತನ ಆತಂಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾದ ಆತಂಕ. ಪರ್ಯಾಯ ಬೆಳೆಗೆ ನೀರು, ಮಾರುಕಟ್ಟೆ, ಖಾತರಿ ದರ ಒದಗಿಸದೆ 'ತಂಬಾಕು ಬಿಡಿ' ಎನ್ನುವುದು ಕ್ರೂರವಾದ ಮಾತು. ನಿಜವಾದ ಆತಂಕವನ್ನು ಎರವಲು ಪಡೆದು, ಕೆಲಸವಾದ ಮೇಲೆ ಹಿಂದಿರುಗಿಸದೆ ಹೋಗುವುದೇ ಈ ಉದ್ಯಮದ ಕಲೆ.

ಮಲೆನಾಡಿಗೆ ಪಾಠ

ನಮ್ಮ ಮಲೆನಾಡಿನಲ್ಲಿಯೇ ಇದನ್ನು ಕಂಡಿದ್ದೇವೆ. 2013ರ ಮೇ 31ರಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ ಅಡಿಕೆ ಬೆಳೆಗಾರರ ಭಯವೇ ನಿಷೇಧದ ವಿರುದ್ಧದ ದೊಡ್ಡ ವಾದವಾಯಿತು. ಬೆಳೆಗಾರರ ಭಯ ಪ್ರಾಮಾಣಿಕವಾದದ್ದು. ಆದರೆ ನಿಷೇಧದ ನಂತರ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ, ಎರಡೂ ಒಂದೇ ಅಂಗಡಿಯಲ್ಲಿ ಮಾರಾಟವಾದವು. ವ್ಯಾಪಾರ ನಡೆಯಿತು, ಬೆಳೆಗಾರನ ಭಯ ಅಲ್ಲಿಯೇ ಉಳಿಯಿತು.

ಸಂದೇಹದ ವ್ಯಾಪಾರವೂ ತಂಬಾಕಿಗೆ ಸೀಮಿತವಾಗಲಿಲ್ಲ. ತಂಬಾಕು ಕಂಪನಿಯ ಸಂಶೋಧನಾ ನಿಧಿಯನ್ನು ನೋಡಿಕೊಂಡಿದ್ದ ಫ್ರೆಡರಿಕ್ ಸೀಟ್ಸ್ ಎಂಬ ಭೌತವಿಜ್ಞಾನಿ ಮುಂದೆ ಭೂಮಿ ಬಿಸಿಯಾಗುತ್ತಿರುವುದನ್ನು ಅಲ್ಲಗಳೆಯುವವರ ಮುಂದಾಳಾದುದನ್ನು ನಯೋಮಿ ಒರೆಸ್ಕಸ್ ಮತ್ತು ಎರಿಕ್ ಕಾನ್ವೆ ಎಂಬ ಇತಿಹಾಸಕಾರರು 2010ರಲ್ಲಿ ದಾಖಲಿಸಿದ್ದಾರೆ. ಮಳೆ ದಾರಿ ತಪ್ಪಿ, ಕಾಫಿ ಹೂವು ಅಕಾಲದಲ್ಲಿ ಅರಳುವುದನ್ನು ನೋಡುತ್ತಿರುವ ನಮಗೆ ಈ ಸುದ್ದಿ ದೂರದ್ದಲ್ಲ.

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ನೀಡಿತು. ಅದನ್ನು ಆಯಾ ಭಾಷೆಯಲ್ಲಿ ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂಬುದು ಸಮಿತಿಯ ಆಶಯವಾಗಿತ್ತು. ನಮ್ಮ ಹಳ್ಳಿಗಳಲ್ಲಿ ವರದಿಯನ್ನು ಓದಿದವರೆಷ್ಟು? 'ಮನೆ ಬಿಡಿಸುತ್ತಾರೆ, ದನ ಕಟ್ಟಲು ಬಿಡುವುದಿಲ್ಲ' ಎಂಬ ಮಾತನ್ನು ಕೇಳಿದವರೆಷ್ಟು? ವಿರೋಧಿಸಿದವರೆಲ್ಲ ಯಾರದೋ ಹಣ ಪಡೆದವರೆಂದು ಹೇಳುವುದು ಅನ್ಯಾಯ. ನಮ್ಮ ನೆರೆಹೊರೆಯವರೇ ಭಯದಿಂದ ವಿರೋಧಿಸಿದ್ದಾರೆ. ಓದಿ ವಿರೋಧಿಸುವುದು ಹಕ್ಕು. ಓದಲು ಬಿಡದೆ ವಿರೋಧಿಸುವಂತೆ ಮಾಡುವುದು ಮೋಸ.

ಆದ್ದರಿಂದ, ಸಾರ್ವಜನಿಕ ಅಹವಾಲು ಸಭೆಗೆ ಹೋಗುವಾಗ ನಾಲ್ಕು ಪ್ರಶ್ನೆಗಳನ್ನು ಜೊತೆಗೆ ಒಯ್ಯೋಣ. ಮೊದಲನೆಯದು, ಈ ಶಾಮಿಯಾನ, ಈ ಕರಪತ್ರ, ಈ ಬಸ್ಸುಗಳ ಖರ್ಚು ಯಾರದು? ಎರಡನೆಯದು, ನಮ್ಮ ಹೆಸರಿನಲ್ಲಿ ಮಾತನಾಡುತ್ತಿರುವವರು ಬೆಲೆ ಬಿದ್ದಾಗ, ಬೆಳೆ ಕೊಳೆತಾಗ ನಮ್ಮ ಜೊತೆ ಇದ್ದರೇ? ಮೂರನೆಯದು, 'ಇನ್ನೂ ಅಧ್ಯಯನ ಬೇಕು' ಎನ್ನುವವರಿಗೆ ಯಾವ ಪುರಾವೆ ಸಿಕ್ಕರೆ ಸಾಕು? ಅದನ್ನು ಇಂದೇ ಹೇಳಬಲ್ಲರೇ? ನಾಲ್ಕನೆಯದು, ತೀರ್ಮಾನ ಒಂದು ವರ್ಷ ಮುಂದೆ ಹೋದರೆ ಆ ವರ್ಷದ ಲಾಭ ಯಾರಿಗೆ, ನಷ್ಟ ಯಾರಿಗೆ? ಇದೇ ಪ್ರಶ್ನೆಗಳನ್ನು ನಮ್ಮ ಬಳಗಕ್ಕೂ ಕೇಳಿ. ಪರಿಸರದ ಹೆಸರಿನಲ್ಲಿ ಮಾತನಾಡುವವರೂ ಲೆಕ್ಕ ತೋರಿಸಬೇಕು. ಉತ್ತರಿಸಲು ನಾವು ಹಿಂಜರಿದರೆ ನಮ್ಮನ್ನೂ ನಂಬಬೇಡಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ನಾಳೆ ನಿಮ್ಮ ಊರಿನ ಅಂಗಡಿಯ ಮುಂದೆ ಐದು ನಿಮಿಷ ನಿಲ್ಲಿ. ಶಾಲೆಯಿಂದ ನೂರು ಗಜದ ಒಳಗೆ ತಂಬಾಕು ಮಾರಬಾರದೆಂಬ ಕಾನೂನಿದೆ, ಅಳೆದು ನೋಡಿ. ತಪ್ಪಿದ್ದರೆ ಪಂಚಾಯಿತಿಗೆ ಅರ್ಜಿ ಕೊಡಿ, ಅರ್ಜಿಯ ಸ್ವೀಕೃತಿ ಪಡೆಯಿರಿ. ಅಂಗಡಿಯವರ ಜೊತೆ ಜಗಳ ಬೇಡ; ಅವರೂ ಹೊಟ್ಟೆಪಾಡಿಗೆ ಕುಳಿತವರು. ಅರ್ಜಿ ಚಿಕ್ಕದು. ಆದರೆ ಅದರಲ್ಲಿರುವ ಮಾತು ನಿಮ್ಮದು, ಸಹಿ ನಿಮ್ಮದು. ಕೋಟಿಗಟ್ಟಲೆ ಹಣ ಸುರಿದು ಕಂಪನಿಗಳು ಎರವಲು ಪಡೆಯಲು ಹವಣಿಸುವುದು ಇಂತಹ ದನಿಯನ್ನೇ. ಅದನ್ನು ಯಾರಿಗೂ ಎರವಲು ಕೊಡದೆ ನಾವೇ ಬಳಸೋಣ.